ಬಿಟ್ಟುಹೋದ ಒಂದು ‘ಗೆ’

ನಾನು ಹೈಸ್ಕೂಲಿನಲ್ಲಿ ಕನ್ನಡ ಟೀಚರು. ಮದ್ದೂರಿನಲ್ಲಿ ನಮ್ಮ ಸಂಸಾರ, ಮಳವಳ್ಳಿಯಲ್ಲಿ ನನ್ನ ಸ್ಕೂಲು, ಮಂಡ್ಯದಲ್ಲಿ ನಮ್ಮ ಬಾಡಿಗೆ ಮನೆ. ಬಾಡಿಗೆ ಮನೆ ಎಂದರೆ ನಾವು ಬಾಡಿಗೆ ಕೊಟ್ಟು ಇರುವ ಮನೆಯಲ್ಲ, ನಮಗೆ ಬಾಡಿಗೆ ಬರಲೆಂದು ಕಟ್ಟಿಸಿದ ಮನೆ. ಏಳು ತಿಂಗಳಾದರೂ ಅದಕ್ಕೆ ಬಂದು ಸೇರಿಕೊಂಡಿದ್ದು ಒಂದು ಜೊತೆ ಪಾರಿವಾಳ ಮಾತ್ರ.

ಮನೆ ಖಾಲಿ ಇದೆ ಎಂದು ಬ್ಯಾಂಕು ಕನಿಕರ ತೋರಿಸುತ್ತದೆಯೇ? ಐದನೇ ತಾರೀಕು ಬಂದರೆ ಸಾಲದ ಕಂತು ನನ್ನ ಸಂಬಳದಿಂದ ತಾನಾಗಿಯೇ ಕಟ್ಟಾಗುತ್ತಿತ್ತು. ನಮ್ಮ ಯಜಮಾನರದು ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತಿಕೊಡುವ ರಿವೈಂಡಿಂಗ್ ಅಂಗಡಿ. ಆ ವರ್ಷ ಕೆರೆಯಲ್ಲೂ ನೀರು, ನಾಲೆಯಲ್ಲೂ ನೀರು. ಯಾರ ಪಂಪ್‌ಸೆಟ್ಟೂ ಸುಡಲಿಲ್ಲ. ಊರೆಲ್ಲ ಮಳೆಯನ್ನು ಹೊಗಳುತ್ತಿದ್ದರೆ ನಾವಿಬ್ಬರು ಬಾಗಿಲು ಹಾಕಿಕೊಂಡು ಬೈಯುತ್ತಿದ್ದೆವು. ನನ್ನ ಬಳೆ ಗಿರವಿ ಅಂಗಡಿ ಸೇರಿದವು, ಆಮೇಲೆ ಸರ. ಇನ್ನು ತಾಳಿಯ ಮೇಲೆ ಕಣ್ಣು ಬಿದ್ದ ದಿನ ಯಜಮಾನರು ತಟ್ಟೆ ಸರಿಸಿ ಹೇಳಿದರು: “ಈ ತಿಂಗ್ಳು ಯಾರಾದ್ರೂ ಬಂದ್ರೆ ಸೈ. ಇಲ್ದಿದ್ರೆ ಮಾರ್ಬುಡದೆಯ ಕಣೇ.”

ಇಪ್ಪತ್ತು ವರ್ಷ ಆ ಮಳವಳ್ಳಿ ಬಸ್ಸಿನಲ್ಲಿ ನಿಂತು ನಿಂತು ದುಡಿದಿದ್ದು ಆ ಮನೆಗಾಗಿ. ಅದರ ಒಂದೊಂದು ಟೈಲ್ಸನ್ನೂ ನಾನೇ ಆರಿಸಿದ್ದೆ.

ಮನೆ ಖಾಲಿ ಉಳಿದಿದ್ದಕ್ಕೆ ನನ್ನ ದಡ್ಡತನವೂ ಕಾರಣ ಎಂದು ಈಗ ಒಪ್ಪಿಕೊಳ್ಳುತ್ತೇನೆ. ಗೇಟಿಗೆ ತಗಡಿನ ಬೋರ್ಡು ಬರೆಸುವಾಗ ಬ್ರೋಕರು ಒಂದು ಸಲಹೆ ಕೊಟ್ಟಿದ್ದ: “ಸಸ್ಯಾಹಾರಿಗಳಿಗೆ ಮಾತ್ರ ಅಂತ ಆಕ್ಸಿ ಮೇಡಮ್ಮೋರೇ. ಗೋಡೆ ಕ್ಲೀನಾಗಿರ್ತದೆ, ಬಾಡ್ಗೆ ಟೈಮಿಗೆ ಬತ್ತದೆ.” ಹೊಸ ಗೋಡೆಯ ಮೋಹದಲ್ಲಿ ನಾನು ಹೂಂ ಎಂದುಬಿಟ್ಟೆ. ಯಜಮಾನರು ಬೋರ್ಡು ಓದಿ ಸೊಂಟ ಹಿಡಿದುಕೊಂಡು ನಕ್ಕರು. “ಲೇ, ನಾವೇ ಬಂದು ಕೇಳುದ್ರೂ ನಮ್ಗೇ ಸಿಕ್ಕಲ್ವಲ್ಲೇ ಈ ಮನೆ!”

ನಾನು ಮುಖ ಊದಿಸಿಕೊಂಡೆ, ಬೋರ್ಡು ಮಾತ್ರ ತೆಗೆಸಲಿಲ್ಲ. ಬಂದ ಒಬ್ಬರಿಗೆ ದಕ್ಷಿಣದ ಬಾಗಿಲು ಆಗಲಿಲ್ಲ. ಇನ್ನೊಬ್ಬರು ಪಕ್ಕದ ಮನೆಯ ಒಗ್ಗರಣೆಗೆ ಮೂಗು ಮುಚ್ಚಿಕೊಂಡು ಹೋದರು. ಅಷ್ಟರಲ್ಲಿ ಆಷಾಢ ಬಂತು, ಆಷಾಢದಲ್ಲಿ ಮನೆ ಬದಲಿಸುವವರು ಯಾರು? ಶ್ರಾವಣದಲ್ಲಿ ಬರುತ್ತಾರೆ ಎಂದುಕೊಂಡೆ. ಶ್ರಾವಣ ಬಂತು, ಜನ ಬರಲಿಲ್ಲ.

ಮಾರುವ ಮಾತು ಬಂದ ಮೇಲೆ ಸುಮ್ಮನೆ ಕೂರಲು ಆಗುತ್ತದೆಯೇ? ಮಾರನೆಯ ದಿನ ಸ್ಕೂಲಿಗೆ ಹೋಗುವಾಗ ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ, ಒಂದು ಕೈಯಲ್ಲಿ ಫೋನು ಹಿಡಿದು ನೆಂಟರಿಷ್ಟರ ವಾಟ್ಸಾಪ್ ಗುಂಪಿಗೆ ಒಂದು ಮೆಸೇಜು ಹಾಕಿದೆ. ನಾನು ಬರೆಯಬೇಕೆಂದಿದ್ದು ಹೀಗೆ: “ಮಂಡ್ಯದ ನಮ್ಮ ಹೊಸ ಮನೆ ಬಾಡಿಗೆಗೆ. ಬನ್ನಿ, ಭಾನುವಾರ ಇಡೀ ದಿನ ಬಾಗಿಲು ತೆರೆದಿರುತ್ತೆ. ಗೊತ್ತಿರುವವರನ್ನೂ ಕರೆತನ್ನಿ.” ಡ್ರೈವರು ಒಂದು ಹಂಪು ಹಾರಿಸಿದ. ಒಂದು ‘ಗೆ’ ಬಿಟ್ಟುಹೋಯಿತು. ಅದರ ಮುಂದಿನ ಚುಕ್ಕಿಯೂ ಹೋಯಿತು. ನೋಡದೆ ಕಳಿಸಿದೆ.

ಶನಿವಾರ ಸಂಜೆ ದುದ್ದದಿಂದ ಯಜಮಾನರ ಚಿಕ್ಕಪ್ಪ ಫೋನು ಮಾಡಿದರು. ಸ್ಪೀಕರ್ ಹಾಕಿತ್ತು. “ಕುರಿ ನಾನೇ ತತ್ತೀನಿ ಕಣ್ಲಾ ಮಗ. ನೀನು ಮಸಾಲೆ ನೋಡ್ಕೊ.”

“ಮನೆ ನೋಡಕೆ ಕುರಿ ಯಾಕೆ ಚಿಕ್ಕಯ್ಯ?”

“ಮನೆ ಯಾವನ್ಲಾ ನೋಡ್ತಾನೆ? ಗೃಹಪ್ರವೇಸದಲ್ಲೇ ನೋಡಾಯ್ತಲ್ಲ. ನಿನ್ ಎಂಡ್ರು ‘ಬಾಡಿಗೆ ಬನ್ನಿ’ ಅಂತ ಎಲ್ಲರ್ನೂ ಕರುದವ್ಳೆ, ಬತ್ತಾ ಇವ್ನಿ.”

ನಾನು ಓಡಿಹೋಗಿ ಫೋನು ತೆರೆದೆ. “ಮಂಡ್ಯದ ನಮ್ಮ ಹೊಸ ಮನೆ ಬಾಡಿಗೆ ಬನ್ನಿ.” ಬಾಡು ಎಂದರೆ ನಮ್ಮ ಕಡೆ ಮಾಂಸದೂಟ. ಬಾಡು, ಇಗೆ, ಬಾಡಿಗೆ. ಚತುರ್ಥಿ ವಿಭಕ್ತಿ! ಮಕ್ಕಳ ತಪ್ಪಿಗೆ ಕೆಂಪು ಇಂಕಿನಲ್ಲಿ ಗೀಟು ಹಾಕುವ ನಾನು ಮಂಡ್ಯ ಜಿಲ್ಲೆಯ ನೆಂಟರನ್ನೆಲ್ಲ ಬಾಡೂಟಕ್ಕೆ ಕರೆದುಬಿಟ್ಟಿದ್ದೆ. ಕೆಳಗೆ ಸಾಲಾಗಿ ಹೆಬ್ಬೆಟ್ಟುಗಳು. ಗೃಹಪ್ರವೇಶದಲ್ಲಿ ಬರೀ ಪಾಯಸ ಬಡಿಸಿದೆವೆಂದು ಮಾತು ಬಿಟ್ಟಿದ್ದ ಯಲಿಯೂರಿನ ಸೋದರತ್ತೆ ಕೂಡ ಬರೆದಿದ್ದರು: “ಅಂತೂ ಬುದ್ಧಿ ಬಂತು ಬುಡು.”

ನಮ್ಮ ಕಡೆ ಬಾಡಿಗೆ ಕರೆದು ಆಮೇಲೆ ಇಲ್ಲ ಎಂದರೆ ಮುಖ ತೋರಿಸಲು ಆಗುವುದಿಲ್ಲ. ಯಜಮಾನರು ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಅಳುವುದೋ ನಗುವುದೋ ತಿಳಿಯದೆ ಇಬ್ಬರೂ ನಗಲು ಶುರು ಮಾಡಿದೆವು. ಹೊಟ್ಟೆ ಹಿಡಿದುಕೊಂಡು, ನೆಲದ ಮೇಲೆ ಕೂತು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕೆವು. ಮುಳುಗುವ ಮನೆ, ಒಂದು ಊಟವಾದರೂ ಆಗಲಿ ಎಂದುಕೊಂಡೆವು.

ಭಾನುವಾರ ಬೆಳಗ್ಗೆ ಚಿಕ್ಕಪ್ಪ ಗೂಡ್ಸ್ ಆಟೋದಲ್ಲಿ ಬಂದಿಳಿದರು. ಜೊತೆಗೆ ಮಾಂಸ, ಸೌದೆ, ರಾಗಿ ಹಿಟ್ಟು, ಬಾಡಿಗೆಗೆ ತಂದ ದೊಡ್ಡ ಪಾತ್ರೆಗಳು. ಹತ್ತು ಗಂಟೆಗೆ ನನ್ನ ಬಿಳಿ ಟೈಲ್ಸಿನ ಮೇಲೆ ಆರು ಜನ ಹೆಂಗಸರು ಕಾಲು ಚಾಚಿ ಈರುಳ್ಳಿ ಹೆಚ್ಚುತ್ತಿದ್ದರು. ಯಲಿಯೂರಿನ ಅತ್ತೆ ಕೊಬ್ಬರಿ ತುರಿಯುತ್ತ ಬ್ರೋಕರಿಂದ ಬ್ಯಾಂಕಿನವರೆಗೆ ಎಲ್ಲರಿಗೂ ಬೈದರು. ತಾರಸಿಯ ಮೇಲೆ ಒಲೆ ಹೂಡಿದರು. ಗಾಳಿ ಜೋರಾಗಿತ್ತು, ಬೆಂಕಿ ನಿಲ್ಲುತ್ತಿರಲಿಲ್ಲ. ನಾನು ಮೇಲೆ ಹೋಗಿ ನೋಡುತ್ತೇನೆ, ಚಿಕ್ಕಪ್ಪ ಗೇಟಿನ ಬೋರ್ಡು ಬಿಚ್ಚಿಕೊಂಡು ಹೋಗಿ ಒಲೆಗೆ ಮರೆ ನಿಲ್ಲಿಸಿದ್ದಾರೆ. ‘ಸಸ್ಯಾಹಾರಿಗಳಿಗೆ’ ಆಗಲೇ ಮಸಿಯಾಗಿತ್ತು, ‘ಮಾತ್ರ’ ಇನ್ನೂ ಕಾಣುತ್ತಿತ್ತು.

“ಅಯ್ಯೋ, ಅದೇನು ಬರ್ದೈತೆ ಅಂತ ಓದ್ಲಿಲ್ವಾ ಮಾವ?”

“ಓದ್ದೆ ಕಣವ್ವ. ಅದ್ಕೇ ತಗಂಡೆ.”

ಮಧ್ಯಾಹ್ನದ ಹೊತ್ತಿಗೆ ಬಾಡಿನ ಸಾರಿನ ಘಮ ಮೂರು ಬೀದಿ ದಾಟಿತ್ತು. ಹಾಲ್, ರೂಮು, ಮೆಟ್ಟಿಲು, ಎಲ್ಲ ಕಡೆ ಜನ ಎಲೆ ಹಾಕಿಕೊಂಡು ಕೂತಿದ್ದರು. ಖಾಲಿ ಗೋಡೆಗಳಿಂದ ಬರುತ್ತಿದ್ದ ಪ್ರತಿಧ್ವನಿ ಎಲ್ಲಿ ಹೋಯಿತೋ. ನಾನು ಮುದ್ದೆ ಬಡಿಸುತ್ತ ಓಡಾಡುತ್ತಿದ್ದೆ. ಇಷ್ಟು ಖುಷಿ ನನಗೆ ಗೃಹಪ್ರವೇಶದ ದಿನವೂ ಆಗಿರಲಿಲ್ಲ. ನಾಳೆ ಈ ಮನೆ ಬೇರೆಯವರದಾಗಬಹುದು ಎಂಬುದನ್ನು ಸಾರಿನ ಸೌಟು ಹಿಡಿದಾಗ ಮರೆತೇಬಿಟ್ಟಿದ್ದೆ.

ಆಗ ಗೇಟಿನ ಹತ್ತಿರ ಇಬ್ಬರು ಬಂದು ನಿಂತರು. ಒಬ್ಬಳು ಹುಡುಗಿ, ಅವಳ ತಾಯಿ. ಹುಡುಗಿಗೆ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿದೆಯಂತೆ, ಬೆಳಗ್ಗೆಯಿಂದ ಬೀದಿ ಬೀದಿ ಮನೆ ಹುಡುಕುತ್ತಿದ್ದಾರಂತೆ. ತಾಯಿ ಅಲ್ಲಿಂದಲೇ ಕೇಳಿದಳು: “ಮನೆ ಬಾಡ್ಗೆಗೆ ಐತೆ ಅಂದ್ರು, ಬ್ರೋಕ್ರು.”

“ಬಾಡ್ಗೇನಾ? ಬನ್ನಿ ಬನ್ನಿ, ಕುಂತ್ಕಳಿ, ಎಲೆ ಆಕ್ತಾವ್ರೆ!” ಎಂದು ಚಿಕ್ಕಪ್ಪ ಇಬ್ಬರನ್ನೂ ಒಳಗೆ ಎಳೆದುಕೊಂಡು ಬಂದರು. ಅವರು ಏನು ಹೇಳಿದರೂ ಕೇಳುವವರಿಲ್ಲ. ಎರಡು ಮುದ್ದೆ ಬಿದ್ದವು, ಸಾರು ಬಿತ್ತು. ಹುಡುಗಿ ತಲೆ ಬಗ್ಗಿಸಿಕೊಂಡು ಉಂಡಳು. ತಾಯಿ ಉಣ್ಣುತ್ತ ಮನೆಯ ಮೂಲೆ ಮೂಲೆ ನೋಡಿದಳು.

ಕೈ ತೊಳೆದ ಮೇಲೆ ಆ ತಾಯಿ ನನ್ನನ್ನು ಅಡುಗೆಮನೆಗೆ ಕರೆದಳು. ಬಾಡಿಗೆ ಎಷ್ಟು ಎಂದು ಕೇಳುತ್ತಾಳೆ ಎಂದುಕೊಂಡೆ. ಅವಳು ದನಿ ತಗ್ಗಿಸಿ ಕೇಳಿದಳು: “ಅವ್ವ, ಇಲ್ಲಿ ನಾವೂ ಬಾಡು ಮಾಡ್ಬೌದಾ? ಭಾನ್ವಾರ ಒಂದಿನ ಮಾತ್ರ. ಕಿಟ್ಕಿ ಮುಚ್ಕಂಡು ಮಾಡ್ಕತೀವಿ.”

ಇದೇ ಮಂಡ್ಯದಲ್ಲಿ, ನಾನು ಎಂಟು ವರ್ಷದವಳಿದ್ದಾಗ, ನಮ್ಮವ್ವ ಒಂದು ಮನೆಯ ಜಗಲಿಯ ಕೆಳಗೆ ನಿಂತು ಹೀಗೇ ಕೇಳಿದ್ದಳು, ಇದೇ ದನಿಯಲ್ಲಿ. ಆ ಮನೆ ನಮಗೆ ಸಿಗಲಿಲ್ಲ. ಸಿಕ್ಕ ಮನೆಯಲ್ಲಿ ಅವಳು ಕಿಟಕಿಯ ಸಂದಿಗೆ ಹಳೇ ಸೀರೆ ತುರುಕಿ ಸಾರು ಕಾಯಿಸುತ್ತಿದ್ದಳು. ಬೆವರಿನಲ್ಲಿ ತೊಯ್ದ ಅವಳ ಮುಖ ಆ ಕ್ಷಣ ನೆನಪಾಯಿತು.

ನಾನು ಅಡುಗೆಮನೆಯ ಕಿಟಕಿಯ ಎರಡೂ ಬಾಗಿಲು ತಳ್ಳಿ ತೆರೆದೆ. “ಹಿಂಗೆ ತೆಗೆದಿಟ್ಕೊಂಡು ಮಾಡಿ ಕಣಮ್ಮ,” ಎಂದು ಬೀಗದ ಕೈ ಅವಳ ಕೈಗೆ ಕೊಟ್ಟೆ. ಅಡ್ವಾನ್ಸಿನ ಮಾತು ಯಜಮಾನರು ಆಮೇಲೆ ಆಡಿದರು.

ನಮ್ಮವ್ವ ಬದುಕಿದ್ದಿದ್ದರೆ, ಆ ಬೋರ್ಡಿದ್ದ ಈ ಮನೆಯ ಓನರು ನಾನೇ ಎಂದು ಅವಳಿಗೆ ಹೇಳಲು ನನಗೆ ನಾಚಿಕೆಯಾಗುತ್ತಿತ್ತು. ಆ ಮಧ್ಯಾಹ್ನದವರೆಗೂ.