ದಸ್ತಗೀರ ಆಡಬಾರದಿದ್ದ ಮಾತು

ನಮ್ಮ ನಾಯಿ ಸೂಜಿ ಆ ಹೆಂಗಸನ್ನು ಕಚ್ಚಲಿಲ್ಲ. ದಸ್ತಗೀರ ಹೆದರಿದ, ಹೆದರಿ ಆಡಬಾರದ ಒಂದು ಮಾತು ಆಡಿದ, ನಾಯಿ ಹೇಳಿದ ಹಾಗೆ ಕೇಳಿತು. ನೇಪಾಳದಲ್ಲಿ ಆದದ್ದು ಇಷ್ಟೇ. ಖಾನಾಪುರದ ಮಂದಿ ಏನೇನೋ ಹೇಳುತ್ತಾರೆ. ಅವರು ಅಲ್ಲಿರಲಿಲ್ಲ, ನಾನಿದ್ದೆ.

ದಸ್ತಗೀರ ನಮ್ಮ ಪಕ್ಕದ ಮನೆಯವನು. ಸಣ್ಣವನಿದ್ದಾಗ ನನ್ನ ಸೊಂಟದ ಮೇಲೆ ಕುಳಿತು ಬೆಳೆದವನು. ಗಡ್ಡ ಬೆಳ್ಳಗಾದರೂ ಅಕ್ಕಾ ಎಂದೇ ಕರೆಯುತ್ತಿದ್ದ. ಮಗಳು ಮದುವೆಯಾಗಿ ಹುಬ್ಬಳ್ಳಿ ಸೇರಿದ್ದಳು, ಹೆಂಡತಿ ತೀರಿಕೊಂಡ ಮೇಲೆ ಒಬ್ಬನೇ ಇದ್ದ. ಮುಧೋಳ ನಾಯಿಗಳನ್ನು ಪಳಗಿಸಿ ಪ್ರದರ್ಶನಕ್ಕೆ ಒಯ್ಯುವುದು ಅವನ ಕಸಬು. ಎಂಥ ಸಿಟ್ಟಿನ ನಾಯಿಯ ಬಾಯಿಗೂ ಬರಿಗೈ ಹಾಕುತ್ತಿದ್ದ. ಆದರೆ ಕೈಯಲ್ಲಿ ಕಾಗದ ಹಿಡಿದ ಮನುಷ್ಯನನ್ನು ಕಂಡರೆ ಜೀವ ಬಿಡುತ್ತಿದ್ದ. ಮೀಟರ್ ನೋಡುವವನು ಬಂದರೆ ನಮ್ಮ ಎತ್ತಿನ ಕೊಟ್ಟಿಗೆಯಲ್ಲಿ ಬಂದು ನಿಲ್ಲುತ್ತಿದ್ದ.

"ಮೀಟರ್ ನೋಡಾಕ ಬಂದಾನೋ, ನಿನ್ನ ಒಯ್ಯಾಕ ಬಂದಾನೇನು?" ಎಂದು ಬೈದರೆ, "ನಾಯಿ ಕಚ್ಚೂಕಿಂತ ಮೊದಲ ಗುರ್ ಅಂತದ ಅಕ್ಕಾ. ಇವರು ಅನ್ನಂಗಿಲ್ಲ" ಎನ್ನುತ್ತಿದ್ದ.

ಮನೆಯಲ್ಲಿ ಉರ್ದು, ಬಾಜಾರದಲ್ಲಿ ಮರಾಠಿ, ನನ್ನ ಜೊತೆ ಮತ್ತು ನಾಯಿಗಳ ಜೊತೆ ಮಾತ್ರ ಕನ್ನಡ. "ಮೂರು ಭಾಷಾ ಕಲಿಸಿದ್ರ ಒಂದೂ ನೆಟ್ಟಗ ಬರಂಗಿಲ್ಲ. ನನ್ನ ಗತಿ ನಾಯಿಗ್ಯಾಕ?" ಎನ್ನುವನು. ಹೊಲಕ್ಕೆ ನುಗ್ಗುವ ಹಂದಿಯ ಮೇಲೆ ನಾಯಿ ಬಿಡುವಾಗ ನಮ್ಮ ಕಡೆ 'ಹಿಡಿ' ಎನ್ನುತ್ತಾರೆ. ಅವನ ನಾಯಿಗಳಿಗೂ ಅದೇ ಮಾತು. ಹಿಡಿ ಅಂದರೆ ಹಿಡಿಯಬೇಕು, ಬಿಡು ಅಂದರೆ ಬಿಡಬೇಕು. ಆದರೆ ನಾವು ಚಹಾದ ಕಪ್ಪು ಕೊಡುವಾಗಲೂ ಹಿಡಿ ಎನ್ನುವ ಜನ. ಅದಕ್ಕೆ ಅವನ ಮನೆಯಲ್ಲಿ ಒಂದು ಕಟ್ಟಳೆ: ಏನೇ ಕೊಡಲಿ, 'ತಗೋ' ಎನ್ನಬೇಕು. ನಾಯಿಯ ಮುಂದೆ ಇನ್ನೊಂದು ಮಾತು ಬಾಯಲ್ಲಿ ಬರಕೂಡದು.

ನಾನೊಮ್ಮೆ ಮರೆತೆ. ಸೂಜಿಯ ತಾಯಿ ಹೆತ್ತು ಸತ್ತಿತ್ತು. ಆ ಮರಿಗೆ ಹತ್ತಿಯ ಬತ್ತಿಯಲ್ಲಿ ಆಕಳ ಹಾಲು ಕುಡಿಸಿದವಳು ನಾನು. ಮೂತಿ ಚೂಪಾಗಿತ್ತೆಂದು ಸೂಜಿ ಎಂದು ಕರೆದವಳೂ ನಾನೇ. ಅದು ಬೆಳೆದ ಮೇಲೆ ಒಂದು ದಿನ, ಹಾಲಿನ ಗಂಗಪ್ಪನ ಕಡೆ ಖಾಲಿ ತಂಬಿಗೆ ಚಾಚಿ "ಹಿಡಿಯಪಾ" ಅಂದೆ. ಸೂಜಿ ಹಾರಿ ಗಂಗಪ್ಪನ ಧೋತರ ಹಿಡಿಯಿತು. ಅವನು ಒಂದು ಕೈಯಲ್ಲಿ ಹಾಲು, ಇನ್ನೊಂದರಲ್ಲಿ ಮಾನ ಹಿಡಿದುಕೊಂಡು ನಿಂತ. ದಸ್ತಗೀರ ಓಡಿ ಬಂದು ಬಿಡು ಅಂದ, ಬಿಟ್ಟಿತು. ಧೋತರಕ್ಕೆ ಒಂದು ತೂತೂ ಬಿದ್ದಿರಲಿಲ್ಲ. ದಸ್ತಗೀರ ನಗಲಿಲ್ಲ. "ಅಕ್ಕಾ, ಈ ಮಾತು ಬಂದೂಕ ಇದ್ದಂಗ" ಅಂದ.

ನೇಪಾಳದ ಪ್ರದರ್ಶನದ ಮಾತು ತೆಗೆದವರು ಬೆಳಗಾವಿ ಟಿಳಕವಾಡಿಯ ಒಬ್ಬ ನಾಯಿ ಶೋಕಿಯವರು. ಅರ್ಜಿ, ಖರ್ಚು ಎಲ್ಲ ಅವರೇ ನೋಡಿಕೊಂಡರು. ದಸ್ತಗೀರ ಒಲ್ಲೆ ಎನ್ನಲೂ ಹೆದರಿ ಹೂಂ ಅಂದ. ಅಲ್ಲಿ ಪರೀಕ್ಷೆ ಮಾಡುವವರು ನಾಯಿಯ ತುಟಿ ಎತ್ತಿ ಹಲ್ಲು ನೋಡುತ್ತಾರಂತೆ. ಅದು ರೂಢಿಯಾಗಲೆಂದು ದಿನಾ ಬೆಳಿಗ್ಗೆ ನಮ್ಮ ಮನೆಯವರ ಹಳೆಯ ಕೋಟು ನನಗೆ ತೊಡಿಸಿ, ನನ್ನನ್ನೇ ಪರೀಕ್ಷಕಿಯನ್ನಾಗಿ ಮಾಡಿದ. ಅವರು ಆ ಕೋಟನ್ನು ಮದುವೆಯಲ್ಲಿ ತೊಟ್ಟಿದ್ದರು, ಆಮೇಲೆ ತೊಟ್ಟಿರಲಿಲ್ಲ. ನಾನು ಸೀರೆಯ ಮೇಲೆ ಅದನ್ನು ಹಾಕಿಕೊಂಡು ನಾಯಿಯ ಹಲ್ಲು ಎಣಿಸಿದೆ. ಓಣಿಯ ಹೆಂಗಸರು ಬಾಗಿಲಿಗೆ ಬಂದು ನಿಂತರು. ನಿಲ್ಲಲಿ.

ಹೊರಡುವ ವಾರ ದಸ್ತಗೀರ ಉಣ್ಣುವುದನ್ನು ಬಿಟ್ಟ. ಅಲ್ಲಿ ಕಚ್ಚಿದ ನಾಯಿಗೆ ಸೂಜಿಮದ್ದು ಚುಚ್ಚಿ ಮುಗಿಸುತ್ತಾರೆ ಎಂದು ಬೆಳಗಾವಿಯಲ್ಲಿ ಯಾರೋ ಅವನ ಕಿವಿಯಲ್ಲಿ ಹಾಕಿದ್ದರು. "ಹೆದರಿಕಿ ಹಗ್ಗದಾಗ ಇಳೀತದ ಅಕ್ಕಾ. ನನ್ನ ಕೈ ನಡುಗಿದ್ರ ಅದಕ್ಕ ಗೊತ್ತಾಗತದ. ನೀ ಬಾ" ಎಂದು ಅತ್ತ. ಅವನು ಅತ್ತದ್ದಕ್ಕಲ್ಲ ನಾನು ಹೋದದ್ದು. ನಾಯಿ ನಾನು ಬೆಳೆಸಿದ್ದು, ಅದಕ್ಕೆ ಹೋದೆ. ನೇಪಾಳಕ್ಕೆ ಪಾಸ್‌ಪೋರ್ಟು ಬೇಡ, ಓಟಿನ ಚೀಟಿ ಸಾಕು ಅಂದರು. ರೈಲಿನಲ್ಲಿ ನಾಯಿಯನ್ನು ಗಾರ್ಡಿನ ಡಬ್ಬಿಯಲ್ಲಿ ಹಾಕಿದ್ದರು. ಪ್ರತಿ ಸ್ಟೇಶನ್ನಿನಲ್ಲೂ ಅವನು ಇಳಿದು ಓಡುವುದು, ಅದು ಬದುಕಿದೆಯೇ ನೋಡುವುದು, ಮತ್ತೆ ಓಡಿ ಹತ್ತುವುದು. ಗಡಿಯಲ್ಲಿ ಕಾಗದ ಕೇಳಿದಾಗ ಅವನ ಕೈ ಜೇಬಿನೊಳಗೆ ಹೋದದ್ದು ಹೊರಗೆ ಬರಲಿಲ್ಲ. ನಾನೇ ಕೈ ಹಾಕಿ ತೆಗೆದುಕೊಟ್ಟೆ. ಆಗ ನನಗೂ ಹೆದರಿಕೆ ಹತ್ತಿತು. ಇಷ್ಟು ದೂರದ ಊರು, ಇವನ ಕೈಯಲ್ಲಿ ಆ ಜೀವ.

ಕಾಠ್ಮಂಡುವಿನ ಮೈದಾನದಲ್ಲಿ ಹಗ್ಗ ಕಟ್ಟಿ ಅಂಗಳ ಮಾಡಿದ್ದರು. ಒಳಗೆ ದಸ್ತಗೀರ ಮತ್ತು ಸೂಜಿ, ಹಗ್ಗದ ಈಚೆ ನಾನು. ಪರೀಕ್ಷಕಿ ಎತ್ತರದ ಹೆಂಗಸು, ಕರಿ ಕೋಟು. ಸೂಜಿ ಚೆಂದ ಓಡಿತು, ಚೆಂದ ನಿಂತಿತು. ಆಕೆ ಬಗ್ಗಿ ತುಟಿ ಎತ್ತಿದಳು. ಅಷ್ಟರಲ್ಲಿ ಒಬ್ಬ ಕಾಗದ ಹಿಡಿದುಕೊಂಡು ಬಂದು ದಸ್ತಗೀರನ ಹತ್ತಿರ ಏನೋ ಚೀಟಿ ಕೇಳಿದ. ಇವನ ಮುಖ ಬೂದಿಯಾಯಿತು. ಜೇಬು ತಡಕಿದ, ಸಿಗಲಿಲ್ಲ. ನಾಯಿಯ ಹಗ್ಗವನ್ನು ನನ್ನ ಕಡೆ ಚಾಚಿ, "ಅಕ್ಕಾ, ಹಿಡಿ" ಅಂದ.

ಸೂಜಿ ಆಕೆಯ ತೋಳು ಹಿಡಿಯಿತು.

ಜನ ಕೂಗಿದರು. ಬಿಡು ಎನ್ನಬೇಕಾದವನು ಬಾಯಿ ತೆರೆದು ನಿಂತಿದ್ದ. "ಬಿಡು" ಎಂದು ನಾನೇ ಅಂದೆ. ಬಿಟ್ಟಿತು. ಆದರೆ ಆಗಲೇ ಇಬ್ಬರು ಬಂದು ಅದನ್ನು ಕಬ್ಬಿಣದ ಪಂಜರಕ್ಕೆ ಹಾಕಿ ಡೇರೆಯ ಹಿಂದೆ ಒಯ್ದರು.

ನಮ್ಮನ್ನು ಒಂದು ಮೇಜಿನ ಮುಂದೆ ನಿಲ್ಲಿಸಿದರು. ಬದಿಯ ಮೇಜಿನ ಮೇಲೆ ಡಾಕ್ಟರನ ಪೆಟ್ಟಿಗೆ ತೆರೆದಿತ್ತು, ಒಳಗೆ ಸೂಜಿಮದ್ದಿನ ಸೀಸೆಗಳು. ದಸ್ತಗೀರ ಅದನ್ನೇ ನೋಡುತ್ತಿದ್ದ, ನಾನೂ. ಹಿಂದಿ ಬಲ್ಲ ಮುದುಕರೊಬ್ಬರು ಕೇಳಿದರು: ನಾಯಿ ಮೊದಲೂ ಕಚ್ಚಿದೆಯೇ, ಯಾಕೆ ಕಚ್ಚಿತು? ಪಂಜರದೊಳಗೆ ಸೂಜಿ ಕೂಗುವುದು ಕೇಳುತ್ತಿತ್ತು. ನಾನು ದಸ್ತಗೀರನ ಪಕ್ಕೆ ತಿವಿದೆ.

"ಮಾತಾಡೋ" ಅಂದೆ.

"ಬಾಯಿ ಏಳವಲ್ದು ಅಕ್ಕಾ."

"ಮಾತು ಬರಲಿಲ್ಲಂದ್ರ ಗುರ್ ಅಂತಾದ್ರೂ ಅನ್ನು. ಅದನ್ನ ಕೊಲ್ಲಸ್ತೀಯೇನು?"

ಆಗ ಅಂದ. ಮೇಜಿನ ಅಂಚು ಹಿಡಿದು, ನೆಲ ನೋಡುತ್ತ ಅಂದ. "ಗಲತಿ ಮೇರಾ ಹೈ ಸಾಬ್. ಮೈ ಬೋಲಾ ಪಕಡೋ. ವೋ ಪಕಡೀ." ತಪ್ಪು ನನ್ನದು, ಹಿಡಿ ಅಂದವನು ನಾನು, ಅದು ಹಿಡಿಯಿತು ಎಂದು.

ನಂಬಲಿಲ್ಲ, ತೋರಿಸು ಅಂದರು. ಪರೀಕ್ಷಕಿ ಕೋಟು ಕಳಚಿ ಕುರ್ಚಿಗೆ ಹಾಕಿದಳು. ಸೂಜಿಯನ್ನು ತಂದರು. ದಸ್ತಗೀರ ಹಿಡಿ ಅಂದ, ಕೋಟಿನ ಖಾಲಿ ತೋಳು ಹಿಡಿಯಿತು. ಬಿಡು ಅಂದ, ಬಿಟ್ಟಿತು. ಆಕೆ ಮೊದಲು ನಾಯಿ ಹಿಡಿದಿದ್ದ ತನ್ನ ತೋಳು ತಿರುಗಿಸಿ ಎಲ್ಲರಿಗೂ ತೋರಿಸಿದಳು. ಹಲ್ಲಿನ ಗುರುತೂ ಇರಲಿಲ್ಲ. ನಾಯಿಯನ್ನು ನಮಗೆ ಕೊಟ್ಟರು. ದಸ್ತಗೀರ ಇನ್ನು ಮುಂದೆ ಅಂಗಳದೊಳಗೆ ನಾಯಿ ನಡೆಸಬಾರದು ಎಂದು ಬರೆದು ಸಹಿ ಹಾಕಿಸಿಕೊಂಡರು. ಅವನು ತಕರಾರು ಮಾಡಲಿಲ್ಲ. ಧೈರ್ಯ ಬಂದಿತ್ತು ಎಂದು ನಾನು ಹೇಳುವುದಿಲ್ಲ. ನಡುಗುತ್ತಲೇ ಹೇಳಿದ, ನಡುಗುತ್ತಲೇ ಸಹಿ ಹಾಕಿದ.

ಬೆಳಗಾವಿಯಲ್ಲಿ ಗಾಡಿ ಬದಲಿಸುವಾಗ, ಟಿಳಕವಾಡಿಯವರು ಬಂದಿರುತ್ತಾರೆಂದು ನನ್ನ ಶಾಲು ಹೊದ್ದು ಮುಖ ಮುಚ್ಚಿಕೊಂಡ. ಯಾರೂ ಬಂದಿರಲಿಲ್ಲ. ಪ್ಯಾಸೆಂಜರ್ ಗಾಡಿಯಲ್ಲಿ ಸೂಜಿ ನಮ್ಮ ಕಾಲ ಬುಡದಲ್ಲೇ ಮಲಗಿತ್ತು. ದೇಸೂರ ದಾಟಿದ ಮೇಲೆ ಅಂದ, "ಅಕ್ಕಾ, ನಾ ಖಾನಾಪುರದಾಗ ಇಳಿಯಂಗಿಲ್ಲ. ಹುಬ್ಬಳ್ಳಿಗೆ ಮಗಳ ಕಡೆ ಹೊಂಟೀನಿ."

"ನಾಯಿ?"

"ನನ್ನ ಕೈ ಇನ್ನೂ ನಿಂತಿಲ್ಲ, ನೋಡು."

ನೋಡಿದೆ. ನಿಂತಿರಲಿಲ್ಲ. ಖಾನಾಪುರ ಬಂತು, ನಾನು ಇಳಿದೆ. ಅವನು ಬಾಗಿಲಲ್ಲಿ ನಿಂತು ಹಗ್ಗ ಚಾಚಿದ. ಬಾಯಿ ತೆರೆದ, ಮುಚ್ಚಿದ, ಆಮೇಲೆ ನಿಧಾನವಾಗಿ "ತಗೋ" ಅಂದ. ಗಾಡಿ ಹೋಯಿತು. ಅವನು ತಿರುಗಿ ಬರಲಿಲ್ಲ, ಎರಡು ತಿಂಗಳಿಗೆ ಅಲ್ಲೇ ಮಣ್ಣಾದ.

ಇಳಿದ ಮರುದಿನ ಬೆಳಿಗ್ಗೆ ನಾನು ಎದ್ದು ಮೊದಲು ರೊಟ್ಟಿ ಬಡಿದೆ. ಗಂಗಪ್ಪನಿಗೆ ಹಾಲು ಕಟ್ಟೆಯ ಮೇಲೆ ಇಟ್ಟು ದೂರ ಹೋಗು ಅಂದೆ. ಬಾಗಿಲು ಹಾಕಿಕೊಂಡು, ಆ ಹಳೆಯ ಕೋಟು ತೊಟ್ಟು, ಬಿಸಿ ರೊಟ್ಟಿಯ ತುಂಡನ್ನು ಸೂಜಿಯ ಮೂತಿಗೆ ಚಾಚಿ "ಹಿಡಿ" ಅಂದೆ. ಇನ್ನು ಮೇಲೆ ಹಿಡಿ ಅಂದರೆ ರೊಟ್ಟಿ ಎಂದು ಕಲಿಸಬೇಕಿತ್ತು. ಅದು ರೊಟ್ಟಿ ಬಿಟ್ಟು ಕೋಟಿನ ತೋಳು ಹಿಡಿಯಿತು. ಬಿಡು ಅಂದೆ. ಇನ್ನೊಂದು ತುಂಡು ಮುರಿದು, ಮತ್ತೆ ಹಿಡಿ ಅಂದೆ.