ಅಳಿಯನಿಗೆ ಕೊಟ್ಟ ಒಂದನೇ ನಂಬರ್

ಮಾಮಿಯ ಬಲಗೈ ತೋರುಬೆರಳಿನ ಉಗುರು ಸದಾ ಮದರಂಗಿಯಿಂದ ಕೆಂಪಾಗಿರುತ್ತಿತ್ತು. ಕಂಪ್ಯೂಟರಿನ ಕೀಲಿಮಣೆಯ ಮೇಲೆ ಓಡಾಡುತ್ತಿದ್ದುದು ಆ ಒಂದೇ ಬೆರಳು. ಮಾಮಿ ಎಂದರೆ ನನ್ನ ಹೆಂಡತಿಯ ತಾಯಿ, ಕುದ್ರೋಳಿಯ ಶಾಲೆಯೊಂದರಲ್ಲಿ ಲೆಕ್ಕ ಕಲಿಸಿದವರು. ಕಂಪ್ಯೂಟರ್ ಕಲಿತದ್ದು ನಿವೃತ್ತಿಯ ನಂತರ, ಬರೀ ಹಟದಿಂದ.

ಕರಾವಳಿಯ ಮುಸ್ಲಿಮರಾದ ನಮ್ಮ ಬ್ಯಾರಿಗಳಲ್ಲಿ ಹೆಣ್ಣಿನ ಮನೆಯಲ್ಲಿ ಅಳಿಯನಿಗೆಂದೇ ಒಂದು ಕೋಣೆ. ಅವನು ಗಲ್ಫಿನಲ್ಲಿದ್ದರೂ ಅಲ್ಲಿ ಬೇರೆ ಯಾರೂ ಮಲಗುವುದಿಲ್ಲ. ನಾನು ಗಲ್ಫಿನ ಕೆಲಸ ಕಳೆದುಕೊಂಡು ಬರಿಗೈಯಲ್ಲಿ ಬಂದಾಗಲೂ ಅಲ್ಲಿನ ಹಾಸಿಗೆಯ ಮೇಲೆ ಹೊಸ ಹೊದಿಕೆ ಹಾಸಿದ್ದರು. ಆದರೆ ಕೆಲಸವಿಲ್ಲದ ಅಳಿಯನಿಗೆ ಮಾವನ ಮನೆಯ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ. ಕೊನೆಗೆ ಕೊಟ್ಟಾರದ ಕಚೇರಿಯೊಂದು, ಮನೆಯಿಂದಲೇ ಮಾಡುವ ಕೆಲಸಕ್ಕೆ, ಆನ್‌ಲೈನ್ ಸಂದರ್ಶನಕ್ಕೆ ಕರೆಯಿತು.

ಆಗ ಕರೆಂಟ್ ಹೋಗಿ ಬಂದಾಗಲೆಲ್ಲ ರೂಟರ್ ನಮ್ಮ ಕಂಪ್ಯೂಟರುಗಳಿಗೂ ಪ್ರಿಂಟರಿಗೂ ಹೊಸ ಹೊಸ ಐಪಿ ನಂಬರ್, ಅಂದರೆ ಮನೆಯೊಳಗಿನ ವಿಳಾಸ, ಹಂಚುತ್ತಿತ್ತು. ಪ್ರಿಂಟರ್ ಯಾರ ಕೈಗೂ ಸಿಗುತ್ತಿರಲಿಲ್ಲ. "ಬಂದು ಹೋಗುವವರು ಎಲ್ಲಿ ಕೂತರೂ ಆಗ್ತದೆ, ಮನೆಯವರಿಗೆ ಖಾಯಂ ಜಾಗ ಬೇಕು," ಎಂದ ಮಾಮಿ, ಸಂದರ್ಶನದ ಹಿಂದಿನ ಸಂಜೆ ಒಂದೊಂದಕ್ಕೂ ಬದಲಾಗದ ನಂಬರ್ ಬರೆದರು.

ಬೆಳಿಗ್ಗೆ ನಾನು ಲ್ಯಾಪ್‌ಟಾಪ್ ತೆರೆದದ್ದೇ ತಡ, ಇಡೀ ಮನೆಯ ಇಂಟರ್ನೆಟ್ ನಿಂತಿತು. ನಾನು ಮಾಮಿಯನ್ನು ಕೂಗಿದೆ. ಮಾಮಿ ಕನ್ನಡಕ ಏರಿಸಿ ಪರದೆ ನೋಡಿದರು, ನಕ್ಕುಬಿಟ್ಟರು. ಮರ್ಯಾದೆಗೆಂದು ಮೊದಲನೆಯ ನಂಬರನ್ನು ಅಳಿಯನಿಗೇ ಕೊಟ್ಟಿದ್ದರು. ಅದೋ ರೂಟರಿನ ಸ್ವಂತ ನಂಬರ್. ಒಂದೇ ನಂಬರಿಗೆ ಇಬ್ಬರು ಯಜಮಾನರಾದರೆ ಮನೆ ನಡೆಯುತ್ತದೆಯೇ?

"ಒಂದನೇ ನಂಬರ್ ಮನೆಯದ್ದು, ಅಳಿಯನಿಗೂ ಕೊಡ್ಲಿಕ್ಕಿಲ್ಲ," ಎಂದರು. ಕೆಂಪು ಉಗುರು ಎರಡನ್ನು ಒತ್ತಿತು, ಇಂಟರ್ನೆಟ್ ಮರಳಿತು. "ನಿಮಗೆ ಬೇಜಾರು ಎಂತದೂ ಇಲ್ಲವಲ್ಲ?"

ಬೇಜಾರೇ? ಊರಿಗೆಲ್ಲ ನಾನು ದುಡಿಯದ ಮನೆಯಳಿಯನಾಗಿದ್ದ ದಿನಗಳವು. ಕೆಲಸ ಆ ದಿನವೇ ಸಿಕ್ಕಿತು. ಆದರೆ ಸಿಗುವ ಮೊದಲೇ ನನ್ನನ್ನು ಮೊದಲಿಗನೆಂದು ಎಣಿಸಿದವರು ಅವರು. ಅಂಥವರ ಅಳಿಯ ನಾನು ಎನ್ನುವುದು ಇಂದಿಗೂ ನನ್ನ ದೊಡ್ಡ ಹೆಮ್ಮೆ.

ಮಾಮಿ ಕಳೆದ ವರ್ಷ ತೀರಿಕೊಂಡರು. ಮೊನ್ನೆ ನನ್ನ ಮಗಳ ಮದುವೆಯಾಯಿತು. ಹೊಸ ಅಳಿಯ ಲ್ಯಾಪ್‌ಟಾಪ್ ಹಿಡಿದು ವೈಫೈ ಕೇಳಿದಾಗ ನಾನು ನನ್ನದನ್ನು ಮೂರಕ್ಕೆ ಸರಿಸಿ, ಎರಡನ್ನು ಅವನಿಗೆ ಬರೆದೆ. ಎರಡೇ ಯಾಕೆ ಎಂದು ಕೇಳಿದ. ಅಳಿಯನಿಗೆ ಒಂದನ್ನೇ ಕೊಟ್ಟು ನೋಡಿದವರೊಬ್ಬರು ಈ ಮನೆಯಲ್ಲಿದ್ದರು ಎನ್ನುತ್ತಾ, ಆ ಕತೆ ಹೇಳಲು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡೆ.