ಮೇಷ್ಟ್ರ ಕುಂಚದ ಸುಣ್ಣ

ಹೋದ ವಾರ ಗಾಂಧಿ ಬಜಾರಿನಲ್ಲಿ ಹೂವು ಕೊಳ್ಳುತ್ತ ನಿಂತಿದ್ದಾಗ ಪಕ್ಕದಲ್ಲೊಬ್ಬರು ಎಲೆಗೆ ಸುಣ್ಣ ಸವರಿ ಬಾಯಿಗಿಟ್ಟುಕೊಂಡು, ಬೆರಳಲ್ಲಿ ಉಳಿದದ್ದನ್ನು ನೆಕ್ಕಿದರು. ಒದ್ದೆ ವೀಳ್ಯದೆಲೆ, ಸುಣ್ಣ, ಹೊಗೆಸೊಪ್ಪು ಸೇರಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಹೂವು ಬಿಟ್ಟು ನಾಲ್ಕು ಹೆಜ್ಜೆ ಆಚೆ ಸರಿದೆ. ಪಾಪ, ಆ ಮನುಷ್ಯನ ತಪ್ಪೇನೂ ಇರಲಿಲ್ಲ. ನನಗೆ ನೆನಪಾದದ್ದು ನಮ್ಮ ಮೇಷ್ಟ್ರು.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಅವರ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದೆ. ಕಾಲೇಜಿನ ಲ್ಯಾಬಿನಲ್ಲಿ ನೀರು ಬಂದರೆ ಕರೆಂಟಿರುತ್ತಿರಲಿಲ್ಲ, ಹಾಗಾಗಿ ಕೆಲಸವೆಲ್ಲ ಬಸವನಗುಡಿಯ ಅವರ ಮನೆಯ ಹಿಂದಿನ ಕೋಣೆಯಲ್ಲಿ. ತಮಿಳುನಾಡಿನ ಕಡೆಯಿಂದ ಮೂಟೆ ಕಟ್ಟಿ ತಂದ ಬಿಳಿ ಬಂಡೆಯ ತುಂಡುಗಳು ಅಲ್ಲಿ ಅಕ್ಕಿ ಡಬ್ಬಗಳ ಪಕ್ಕದಲ್ಲೇ ಇರುತ್ತಿದ್ದವು. ಉಗುರಲ್ಲಿ ಗೀರಿದರೆ ಪುಡಿ ಉದುರುವ ಸೀಮೆಸುಣ್ಣದ ಜಾತಿಯ ಕಲ್ಲು, ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದ ತಳವಾಗಿದ್ದದ್ದು. ಅದನ್ನು ನೆನೆಹಾಕಿ, ಜಾಲರಿಯಲ್ಲಿ ಸೋಸಿ, ಒಣಗಿಸಿದರೆ ಗಸಗಸೆಗಿಂತ ಸಣ್ಣ ಚಿಪ್ಪುಗಳು ಸಿಗುತ್ತಿದ್ದವು. ಆ ಚಿಪ್ಪಿನ ಜೀವಿಗಳು ಕಾಲಕಾಲಕ್ಕೆ ಬದಲಾಗುತ್ತ ಹೋಗಿವೆ. ಎಲ್ಲೋ ಇಂಗ್ಲೆಂಡಿನ ಬಂಡೆಯಲ್ಲೂ ನಮ್ಮ ಬಂಡೆಯಲ್ಲೂ ಒಂದೇ ಬಗೆಯವು ಸಿಕ್ಕರೆ ಎರಡೂ ಒಂದೇ ಕಾಲದವು ಎಂದು ಲೆಕ್ಕ.

ಚಿಪ್ಪುಗಳನ್ನು ಗುರುತಿಸುವುದರಲ್ಲಿ ಮೇಷ್ಟ್ರ ಕಣ್ಣಿಗೆ ಸಾಟಿಯಿರಲಿಲ್ಲ. ಇದನ್ನು ಹೊಟ್ಟೆಯುರಿಯಿಂದಲೇ ಒಪ್ಪಿಕೊಳ್ಳುತ್ತೇನೆ. ಆದರೆ ಅವರು ಕೆಲಸ ಮಾಡುವುದನ್ನು ನೋಡುವುದಿತ್ತಲ್ಲ... ಸೂಕ್ಷ್ಮದರ್ಶಕದ ಕೆಳಗಿನ ಚಿಪ್ಪನ್ನು ಎತ್ತಲು ಸಣ್ಣ ಕುಂಚದ ತುದಿ ಒದ್ದೆಯಿರಬೇಕು. ನಾನು ನೀರಿನ ಬಟ್ಟಲಲ್ಲಿ ಅದ್ದುತ್ತಿದ್ದೆ. ಅವರು ಹಳೆಯ ಕಾಲದವರಂತೆ ನಾಲಿಗೆಗೆ ತಾಕಿಸುತ್ತಿದ್ದರು. ಬಾಯಲ್ಲಿ ಸದಾ ಎಲೆ ಅಡಿಕೆ. ತುಟಿಯಂಚಿನ ಕೆಂಪು ರಸ ಕುಂಚಕ್ಕೆ, ಕುಂಚದಿಂದ ಚಿಪ್ಪಿಗೆ, ಮತ್ತೆ ಚಿಪ್ಪಿನ ಧೂಳು ನಾಲಿಗೆಗೆ. ಮಧ್ಯೆ ಕಿಟಕಿಯಾಚೆ ದಾಸವಾಳದ ಬುಡಕ್ಕೆ ಪಿಚಕ್ಕನೆ ಉಗಿಯುವುದು. ಅವರ ಮನೆಯವರು ತಂದುಕೊಟ್ಟ ಕಾಫಿಯನ್ನು ನಾನು ಮೇಜಿನ ಮೇಲಿಡದೆ ಕೈಯಲ್ಲೇ ಹಿಡಿದು ಕುಡಿಯುತ್ತಿದ್ದೆ.

"ಎಂಜಲು ಅಂಟಿನ ಹಾಗೆ ಹಿಡ್ಕೊಳತ್ತಮ್ಮ. ನಿನ್ನ ನೀರಲ್ಲಿ ಏನಿದೆ?" ಎನ್ನುತ್ತಿದ್ದರು.

ಮೇಷ್ಟ್ರಿಗೆ ಒಂದು ಹಟವಿತ್ತು. ನಮ್ಮ ಬಂಡೆಯ ಒಂದು ಪದರ ಇಂಗ್ಲೆಂಡಿನ ಹೆಸರಾಂತ ಸೀಮೆಸುಣ್ಣದ ಪದರವೊಂದರ ಕಾಲದ್ದೇ ಎಂದು ವರ್ಷಗಳಿಂದ ವಾದಿಸುತ್ತಿದ್ದರು. ಚಿಪ್ಪುಗಳ ಸಾಕ್ಷಿ ಅರೆಬರೆಯಾಗಿತ್ತು, ಬೇರೆಯವರು ನಗುತ್ತಿದ್ದರು. ಉಳಿದಿದ್ದ ದಾರಿ ಕಾರ್ಬನ್ ಐಸೋಟೋಪು. ಕಾರ್ಬನ್ನಿನಲ್ಲಿ ಹಗುರದ್ದು, ಭಾರದ್ದು ಎಂದಿದೆ. ಜೀವಿ ಬದುಕಿದ್ದಾಗ ಸಮುದ್ರದಲ್ಲಿ ಅವು ಯಾವ ಪ್ರಮಾಣದಲ್ಲಿದ್ದವೋ ಅದರ ಗುರುತು ಚಿಪ್ಪಿನಲ್ಲಿ ಉಳಿಯುತ್ತದೆ. ಇಂಗ್ಲೆಂಡಿನ ಆ ಪದರದಲ್ಲಿ ಭಾರದ ಕಾರ್ಬನ್ ಕಡಿಮೆಯಾಗಿ ನಕ್ಷೆಯ ಗೆರೆ ತಗ್ಗಿಗೆ ಇಳಿಯುತ್ತಿತ್ತು. ನಮ್ಮಲ್ಲೂ ಅದೇ ತಗ್ಗು ಸಿಕ್ಕರೆ ಮೇಷ್ಟ್ರು ಗೆದ್ದಂತೆ, ನನ್ನ ಥೀಸಿಸ್ಸೂ ಮುಗಿದಂತೆ.

ಮೇಲಿನ, ಕೆಳಗಿನ ಪದರಗಳ ಚಿಪ್ಪುಗಳನ್ನು ನಾನು ಆರಿಸಿದೆ. ತಮ್ಮ ಮುದ್ದಿನ ಪದರವನ್ನು ಮಾತ್ರ ಅವರು ಯಾರ ಕೈಗೂ ಬಿಡಲಿಲ್ಲ. ಎಲ್ಲವನ್ನೂ ಅಳೆಯಲು ಕಳಿಸಿದ್ದ ಹೊರದೇಶದ ಲ್ಯಾಬಿನಿಂದ ಫಲಿತಾಂಶ ಬಂತು. ಸರಿಯಾಗಿ ಅದೇ ಪದರದಲ್ಲಿ ಗೆರೆ ಬಾವಿಗೆ ಬಿದ್ದಂತೆ ಇಳಿದಿತ್ತು. ಮೇಷ್ಟ್ರು ಬೀದಿಗೆಲ್ಲ ಮೈಸೂರುಪಾಕು ಹಂಚಿದರು. ನಾನೂ ತಿಂದೆ.

ಆದರೆ ತಗ್ಗು ಅತಿಯಾಗಿತ್ತು. ಬೇರೆಲ್ಲೂ ಗೆರೆ ಅಷ್ಟು ಆಳಕ್ಕೆ ಇಳಿದಿರಲಿಲ್ಲ. ಅವರು ಆರಿಸಿದ್ದರಲ್ಲಿ ಕಳಿಸದೆ ಮಿಕ್ಕಿದ್ದ ಚಿಪ್ಪುಗಳನ್ನು ಒಂದು ಮಧ್ಯಾಹ್ನ ಸೂಕ್ಷ್ಮದರ್ಶಕದಡಿ ಇಟ್ಟೆ. ಪ್ರತಿಯೊಂದರ ಮೇಲೂ ನಸುಗೆಂಪು ಹಕ್ಕಳೆ... ಎಂಜಲು. ಎಂಜಲಿನ ಜೊತೆ ಎಲೆಯ ಸುಣ್ಣ. ಹಸಿ ಸುಣ್ಣ ಒಣಗುವಾಗ ಗಾಳಿಯಿಂದ ಹಗುರ ಕಾರ್ಬನ್ನನ್ನು ಎಳೆದುಕೊಂಡು ಗಟ್ಟಿಯಾಗುತ್ತದೆ. ಆ ಲ್ಯಾಬಿನವರು ಅಳೆದದ್ದು ಪುರಾತನ ಸಮುದ್ರವನ್ನಲ್ಲ, ನಮ್ಮ ಮೇಷ್ಟ್ರ ಬಾಯನ್ನು. ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡೆ.

ಅದೇ ಪದರದಿಂದ ಹೊಸದಾಗಿ, ಬರೀ ನೀರಿನ ಕುಂಚದಲ್ಲಿ ಚಿಪ್ಪು ಆರಿಸಿ ಕಳಿಸಿದೆ. ಗೆರೆ ಚಪ್ಪಟೆಯಾಗಿ ಬಂತು. ಲೇಖನ ಇನ್ನೂ ಅಚ್ಚಿಗೆ ಹೋಗಿರಲಿಲ್ಲ. ಎರಡು ನಕ್ಷೆಗಳನ್ನೂ ಅವರ ಮುಂದಿಟ್ಟೆ. ಅವರು ಎರಡನ್ನೂ ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದು ನೋಡಿದರು.

"ಮಿಷನ್ನು ಒಂದೊಂದ್ಸಲ ಒಂದೊಂದ್ ಥರ ತೋರ್ಸತ್ತೆ. ಮೊದ್ಲು ಬಂದಿದ್ದೇ ಸರಿ."

"ಸರ್, ಅದು ನಿಮ್ಮ ಎಲೆ ಅಡಿಕೆಯ ಸುಣ್ಣ," ಎಂದೆ.

"ನಿಂಗೆ ಡಿಗ್ರಿ ಬೇಕೋ ಬೇಡ್ವೋ?"

ದನಿ ಏರಿಸಲೂ ಇಲ್ಲ. ಹಾಗೆಂದು ಇನ್ನೊಂದು ಎಲೆ ಮಡಿಸಿ ಬಾಯಿಗಿಟ್ಟುಕೊಂಡರು. ಅಷ್ಟು ದಿನ ಅವರ ಎಂಜಲನ್ನು ಹೇಗೋ ಸಹಿಸಿದ್ದೆ. ಇದನ್ನು ಸಹಿಸಲಾಗಲಿಲ್ಲ. ಲೇಖನದಿಂದ ನನ್ನ ಹೆಸರು ತೆಗೆಯಿರಿ ಎಂದು ಹೇಳಿ ಎದ್ದು ಬಂದೆ. ಹೆಸರು ತೆಗೆದರು, ತಗ್ಗು ಉಳಿಸಿಕೊಂಡರು. ಲೇಖನ ಅಚ್ಚಾಯಿತು. ಶಾಲು, ಪೇಟ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ನಾನು ಬರೆದು ಕಳಿಸಿದ ಆಕ್ಷೇಪಣೆ ಯಾವುದೋ ಮೂಲೆಯಲ್ಲಿ ಅಚ್ಚಾಗಿ, ಯಾರೂ ಓದದೆ ಹೋಯಿತು. ಶೇಷಾದ್ರಿಪುರಂನಲ್ಲಿ ಪಾಠ ಹೇಳುತ್ತ, ಬೇರೆ ಗೈಡು, ಬೇರೆ ಬಂಡೆ ಹಿಡಿದು ಪಿಎಚ್‌ಡಿ ಮುಗಿಸುವಷ್ಟರಲ್ಲಿ ನನ್ನ ತಲೆಯಲ್ಲಿ ಬಿಳಿಕೂದಲು ಕಂಡಿತ್ತು.

ಕೆಲವು ವರ್ಷಗಳ ಮೇಲೆ ಮೇಷ್ಟ್ರು ತೀರಿಕೊಂಡ ಸುದ್ದಿ ಬಂತು. ಹೋಗಬಾರದು ಎಂದುಕೊಂಡೇ ಹೋದೆ. ಅವರ ಮನೆಯವರು ಪಕ್ಕದಲ್ಲಿ ಕೂರಿಸಿಕೊಂಡು ಏನೇನೋ ಹೇಳುತ್ತ ಹೋದರು.

"ಎಲೆ ಅಡಿಕೆ ಬಿಟ್ಬಿಟ್ಟಿದ್ರು ಕಣಮ್ಮ. ನೀನು ಬರೋದು ನಿಲ್ಸಿದ್ಮೇಲೆ ಒಂದು ದಿನಾನೂ ಮುಟ್ಲಿಲ್ಲ. ಯಾಕೆ ಅಂದ್ರೆ, ಬಾಯಿ ಕೆಟ್ಟೋಗಿದೆ ಅಂತಿದ್ರು. ಆ ಕೋಣೆಗೂ ಜಾಸ್ತಿ ಹೋಗ್ತಿರ್ಲಿಲ್ಲ."

ಅಂದರೆ ನಾನು ಹೇಳಿದ್ದು ನಿಜವೆಂದು ಅವರಿಗೆ ಅವತ್ತೇ ಗೊತ್ತಾಗಿತ್ತು. ತಪ್ಪಿರಬಹುದು ಎಂಬ ಅನುಮಾನ ಕೂಡ ಅಲ್ಲ, ಪೂರ್ತಿ ಗೊತ್ತಾಗಿತ್ತು. ಬಾಯಿ ತೊಳೆದುಕೊಂಡರು, ಲೇಖನವನ್ನು ಹಾಗೇ ಬಿಟ್ಟರು. ಆ ಮನೆಯ ಮೆಟ್ಟಿಲಿಳಿಯುವಾಗ ಅಳು ಬರಬೇಕಿತ್ತು. ಬಂದದ್ದು ಮೊದಲಿಗಿಂತ ಹೆಚ್ಚಿನ ಹೇಸಿಗೆ.

ಈಗ ನನ್ನ ಕೈಕೆಳಗೂ ವಿದ್ಯಾರ್ಥಿಗಳಿದ್ದಾರೆ. ಮೊನ್ನೆ ಒಬ್ಬಳು ತನ್ನ ನಕ್ಷೆ ತಂದು ತೋರಿಸಿದಳು. ಮೇಷ್ಟ್ರ ಆ ತಗ್ಗನ್ನೇ ನಂಬಿ ತನ್ನ ಬಂಡೆಗಳಿಗೂ ಕಾಲ ಗೊತ್ತುಮಾಡಿದ್ದಳು. ಆದರೆ ಅವಳ ಬಂಡೆಯಲ್ಲೇ ಸಿಕ್ಕ ಒಂದು ಚಿಪ್ಪು ಮಾತ್ರ ಆ ಲೆಕ್ಕಕ್ಕೆ ಹೊಂದುತ್ತಿರಲಿಲ್ಲ. ನಡೆದದ್ದನ್ನೆಲ್ಲ ಅವಳಿಗೆ ಹೇಳಿದೆ. ಅವಳು ಮುಖ ಕಿವಿಚಿಕೊಂಡು ಆ ತಗ್ಗನ್ನು ಹೊಡೆದುಹಾಕಿದಳು. ಚಿಪ್ಪನ್ನು ನಾನೂ ತಿರುತಿರುಗಿಸಿ ನೋಡಿದೆ, ಗುರುತು ಹತ್ತಲಿಲ್ಲ.

"ಇದು ಯಾವುದು ಅಂತ ಇನ್ಯಾರನ್ನ ಕೇಳೋದು ಮೇಡಂ?" ಎಂದಳು.

ಕೇಳಬಹುದಾಗಿದ್ದವರು ಮೇಷ್ಟ್ರೊಬ್ಬರೇ ಇದ್ದರು.